ಮುಲೆಡಿ ಹಾಲ್: ಬಾಗಿಲ ಮೇಲೆ ಒಂದು ಹೆಸರು, ಕ್ರಯಪತ್ರದಲ್ಲಿ 272

ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಹಳೆಯ ಅಂಗಳದ ಬದಿಗೆ 1830ರ ದಶಕದ ಆರಂಭದ ಒಂದು ಕಟ್ಟಡವಿದೆ. ಬಹುಕಾಲ ಅದು ಜೆಸ್ವಿಟ್ ಎಂಬ ಕಥೋಲಿಕ ಸನ್ಯಾಸಿ ಸಂಘದ ಪಾದ್ರಿಗಳ ವಸತಿಯ ಭಾಗವಾಗಿತ್ತು. ಅವರು ಬೇರೆಡೆಗೆ ಹೋದ ಮೇಲೆ ಬೀಗ ಬಿದ್ದಿತ್ತು. 2015ರಲ್ಲಿ ದುರಸ್ತಿಯಾಗಿ ವಿದ್ಯಾರ್ಥಿನಿಲಯವಾಯಿತು, ಹಳೆಯ ಹೆಸರಿನಲ್ಲೇ: ಮುಲೆಡಿ ಹಾಲ್. ಥಾಮಸ್ ಮುಲೆಡಿ 1829ರಿಂದ ಈ ಕಾಲೇಜಿನ ಅಧ್ಯಕ್ಷನಾಗಿ ಅದನ್ನು ಬೆಳೆಸಿದ ಪಾದ್ರಿ. 1838ರಲ್ಲಿ ಮೇರಿಲ್ಯಾಂಡ್ ಜೆಸ್ವಿಟರ ತೋಟಗಳಲ್ಲಿದ್ದ 272 ಗುಲಾಮರನ್ನು ದಕ್ಷಿಣದ ಲೂಯಿಸಿಯಾನ ರಾಜ್ಯದವರಿಗೆ ಮಾರಿದ ಕ್ರಯಪತ್ರಕ್ಕೆ ಸಹಿ ಹಾಕಿದವನೂ ಆತನೇ.

ಈ ಎರಡನೆಯ ಸಂಗತಿ ಗುಟ್ಟೇನೂ ಆಗಿರಲಿಲ್ಲ. ಜೆಸ್ವಿಟರ ಇತಿಹಾಸ ಬರೆದವರು ಅದನ್ನು ಬರೆದಿದ್ದರು. 1990ರ ದಶಕದಲ್ಲೇ ಇದೇ ವಿಶ್ವವಿದ್ಯಾಲಯದ ಅಮೆರಿಕನ್ ಅಧ್ಯಯನ ವಿಭಾಗ ತೋಟಗಳ ದಾಖಲೆಗಳನ್ನು ಓದಿ, ನಕಲು ತೆಗೆದು, ಅಂತರ್ಜಾಲಕ್ಕೂ ಹಾಕಿತ್ತು. ಆದರೂ ಎರಡು ದಶಕ ಹೆಸರು ಕದಲಲಿಲ್ಲ. ಮಾರಾಟ ತಿಳಿದವರು ಬಾಗಿಲ ಮೇಲಿನ ಹೆಸರಿಗೆ ತಲೆ ಕೆಡಿಸಿಕೊಂಡಿರಲಿಲ್ಲ. ಬಾಗಿಲು ದಾಟಿ ಓಡಾಡುವವರಿಗೆ ಮಾರಾಟ ಗೊತ್ತಿರಲಿಲ್ಲ. 2014ರಿಂದ ವಿದ್ಯಾರ್ಥಿ ಪತ್ರಿಕೆ ‘ದ ಹೋಯ’ದಲ್ಲಿ ಬಂದ ಅಂಕಣಗಳು ಮಾಡಿದ ಕೆಲಸ ಇಷ್ಟೇ: ಎರಡನ್ನೂ ಒಂದೇ ಪುಟದಲ್ಲಿ ಇಟ್ಟವು. ತಮ್ಮ ಕಾಲೇಜಿನ ಕಟ್ಟಡದ ಹೆಸರಿನ ಸಂಶೋಧನೆಗೆ ಇಳಿಯುವ ಯಾವ ವಿದ್ಯಾರ್ಥಿ ತಂಡಕ್ಕೂ ಮೊದಲ ಪಾಠ ಇಲ್ಲೇ ಇದೆ. ಪತ್ರಾಗಾರಕ್ಕೆ ಹೋಗುವ ಮುಂಚೆ ಈಗಾಗಲೇ ಅಚ್ಚಾಗಿರುವುದನ್ನು, ಹಳೆಯ ಪ್ರಬಂಧಗಳನ್ನು, ಮೂಲೆಗೆ ಬಿದ್ದ ಜಾಲತಾಣಗಳನ್ನು ಓದಿ ಮುಗಿಸಬೇಕು. ನಾವೇ ಮೊದಲು ಕಂಡುಹಿಡಿದೆವು ಎಂದು ಬರೆದ ವರದಿಯನ್ನು ಎದುರು ಪಕ್ಷದ ಒಬ್ಬ ಇತಿಹಾಸಕಾರ ಎರಡು ಅಡಿಟಿಪ್ಪಣಿಯಲ್ಲಿ ಮುಗಿಸಿಬಿಡುತ್ತಾನೆ.

ಪ್ರಶ್ನೆಯನ್ನು ಹೇಗೆ ಕೇಳಬೇಕು

“ಮುಲೆಡಿ ಕೆಟ್ಟವನೇ?” ಎಂಬ ಪ್ರಶ್ನೆಗೆ ಪತ್ರಾಗಾರದಲ್ಲಿ ಉತ್ತರವಿಲ್ಲ. ಉತ್ತರ ಸಿಗುವ ಪ್ರಶ್ನೆಗಳು ಬೇರೆ. ಯಾವ ದಿನ, ಯಾವ ಹುದ್ದೆಯಲ್ಲಿದ್ದು ಸಹಿ ಹಾಕಿದ? ಯಾರ ಅನುಮತಿ ಇತ್ತು, ಯಾವ ಷರತ್ತಿನ ಮೇಲೆ? ಹಣ ಎಷ್ಟು, ಎಲ್ಲಿಗೆ ಹೋಯಿತು? ಹೀಗೆ ಒಡೆದು ಕೇಳಿದಾಗಲೇ ಜನಜನಿತವಾದ ಎರಡು ವಾಕ್ಯ ತಪ್ಪೆಂದು ಗೊತ್ತಾಗುತ್ತದೆ.

ಮೊದಲನೆಯದು, “ಜಾರ್ಜ್‌ಟೌನ್ ಅಧ್ಯಕ್ಷ ಮುಲೆಡಿ 272 ಜನರನ್ನು ಮಾರಿದ” ಎಂಬುದು. ಮಾರಾಟದ ದಿನ ಆತ ಕಾಲೇಜಿನ ಅಧ್ಯಕ್ಷನಾಗಿರಲಿಲ್ಲ. ಮೇರಿಲ್ಯಾಂಡ್ ಜೆಸ್ವಿಟ್ ಪ್ರಾಂತ್ಯದ, ಅಂದರೆ ಸಂಘದ ಆ ಭಾಗದ ಆಡಳಿತ ಘಟಕದ, ಮುಖ್ಯಸ್ಥನಾಗಿದ್ದ. ಅದಕ್ಕೂ ಮುಂಚೆ ಆ ಹುದ್ದೆಯಲ್ಲಿದ್ದ ವಿಲಿಯಂ ಮ್ಯಾಕ್‌ಶೆರಿ ಕಾಲೇಜಿನ ಅಧ್ಯಕ್ಷನಾದ. ಇಬ್ಬರೂ ಕುರ್ಚಿ ಬದಲಿಸಿಕೊಂಡರು ಎನ್ನಬಹುದು. ಪಕ್ಕದ ಇನ್ನೊಂದು ಕಟ್ಟಡಕ್ಕೆ ಮ್ಯಾಕ್‌ಶೆರಿಯ ಹೆಸರಿತ್ತು, ಮಾರಾಟದಲ್ಲಿ ಅವನ ಕೈಯೂ ಇತ್ತು. ಹುದ್ದೆಯ ಈ ವ್ಯತ್ಯಾಸ ಸಣ್ಣದಲ್ಲ. ಗುಲಾಮರ ಒಡೆತನ ಕಾಲೇಜಿನದ್ದೋ ಪ್ರಾಂತ್ಯದ್ದೋ ಎಂಬ ಪ್ರಶ್ನೆ ಇದರ ಮೇಲೇ ನಿಂತಿದೆ. ತೋಟಗಳೂ ಜನರೂ ಪ್ರಾಂತ್ಯದವು, ಆದರೆ ಆ ತೋಟಗಳ ಆದಾಯವೇ ಕಾಲೇಜಿನ ಬೆನ್ನೆಲುಬು. ಹುದ್ದೆಯನ್ನು ತಪ್ಪಾಗಿ ಬರೆದರೆ “ಕಾಲೇಜಿಗೂ ಇದಕ್ಕೂ ಸಂಬಂಧವಿಲ್ಲ” ಎನ್ನುವವನಿಗೆ ಹಿಡಿ ಕೊಟ್ಟಂತೆ.

ಎರಡನೆಯದು, “ಈ ಕಟ್ಟಡವನ್ನು ಗುಲಾಮರನ್ನು ಮಾರಿದ ಹಣದಿಂದ ಕಟ್ಟಿದರು” ಎಂಬುದು. ಕಟ್ಟಡ ಮಾರಾಟಕ್ಕಿಂತ ಹಳೆಯದು. ನಡೆದದ್ದು ಇದು: ಮುಲೆಡಿ ಅಧ್ಯಕ್ಷನಾಗಿದ್ದಾಗ ಕಟ್ಟಡಗಳ ಮೇಲೆ ಕೈಮೀರಿ ಖರ್ಚು ಮಾಡಿದ, ಕಾಲೇಜಿನ ಮೇಲೆ ಸುಮಾರು 30,000 ಡಾಲರ್ ಸಾಲ ಕೂತಿತು, ಮಾರಾಟದ ಹಣದಲ್ಲಿ ಒಂದು ಭಾಗ ಆ ಸಾಲಕ್ಕೆ ಹೋಯಿತು. ಸರಿಯಾದ ವಾಕ್ಯ ತಪ್ಪಾದುದಕ್ಕಿಂತ ಮೃದುವಾಗೇನೂ ಇಲ್ಲ. ಒಂದು ತಪ್ಪು ಇಸವಿಯಿಂದ ಇಡೀ ವರದಿ ಕುಸಿಯುವುದನ್ನು ಮಾತ್ರ ಅದು ತಪ್ಪಿಸುತ್ತದೆ.

ಕ್ರಯಪತ್ರ

ಒಪ್ಪಂದದ ದಿನಾಂಕ 1838ರ ಜೂನ್ 19. ಮಾರುವವನು ಮುಲೆಡಿ. ಕೊಳ್ಳುವವರು ಇಬ್ಬರು: ಲೂಯಿಸಿಯಾನದ ಮಾಜಿ ಗವರ್ನರ್ ಹೆನ್ರಿ ಜಾನ್ಸನ್ ಮತ್ತು ಅದೇ ರಾಜ್ಯದ ತೋಟದ ಮಾಲೀಕ ಜೆಸ್ಸಿ ಬೇಟಿ. ಬೆಲೆ 1,15,000 ಡಾಲರ್. ತಲೆಗೆ ಲೆಕ್ಕ ಹಾಕಿದರೆ ಸುಮಾರು 423 ಡಾಲರ್, ಕೂಸಿನಿಂದ ಮುದುಕರವರೆಗೆ ಎಲ್ಲರನ್ನೂ ಸೇರಿಸಿ. ಮೊದಲ 51 ಜನರನ್ನು ವಾಷಿಂಗ್ಟನ್ ಬಳಿಯ ಅಲೆಕ್ಸಾಂಡ್ರಿಯ ಬಂದರಿಗೆ ಒಪ್ಪಿಸಿದಾಗ 25,000 ಮುಂಗಡ. ಉಳಿದ 90,000ಕ್ಕೆ ಹತ್ತು ವರ್ಷದ ಅವಧಿ, ಶೇಕಡ 6 ಬಡ್ಡಿ, ಆಧಾರಕ್ಕೆ ಅಡಮಾನ. ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಯಾರಾದರೂ ಹೆಚ್ಚು ವಯಸ್ಸಿನವರೋ ಅಶಕ್ತರೋ ಎಂದು ಕಂಡುಬಂದರೆ ಬೆಲೆಯಲ್ಲಿ ಕಡಿತ. ದನದ ಜಾತ್ರೆಯ ವ್ಯವಹಾರ ನೋಡಿದವರಿಗೆ ಈ ಕೊನೆಯ ಷರತ್ತು ಹೊಸದಲ್ಲ.

ಪತ್ರದೊಳಗೇ ಜನರ ಹೆಸರುಗಳಿವೆ. ಮೊದಲ ಹೆಸರು ಐಸಾಕ್, ವಯಸ್ಸು 65. ಆಮೇಲೆ ಅವನ ಹಿರಿಯ ಮಗ ಚಾರ್ಲ್ಸ್, 40. ಮಗಳು ನೆಲ್ಲಿ, 38. ಹೀಗೆ ಮನೆತನ ಮನೆತನವಾಗಿ ಸಾಗುತ್ತದೆ. ಈ ಕ್ರಮವನ್ನು ನೆನಪಿಡಬೇಕು. ಮುಂದೆ ಜನರನ್ನು ಹುಡುಕುವಾಗ ಕೈಹಿಡಿದದ್ದು ಇದೇ.

ಮುಂಗಡದ 25,000 ಎಲ್ಲಿಗೆ ಹೋಯಿತು ಎನ್ನುವುದು ಕಾಗದದಲ್ಲೇ ಇದೆ. 8,000 ಬಾಲ್ಟಿಮೋರ್ ಆರ್ಚ್‌ಬಿಷಪ್ಪರ ಹಳೆಯ ಬಾಕಿಗೆ, 17,000 ಕಾಲೇಜಿನ ಸಾಲಕ್ಕೆ. ಮುಂದೆ ಬಂದ ಕಂತಿನ ಹಣ ಹೊಸ ಜೆಸ್ವಿಟರ ಶಿಕ್ಷಣಕ್ಕೆ. ಇಂಥ ಲೆಕ್ಕದಲ್ಲಿ ವಿದ್ಯಾರ್ಥಿಗಳು ಎಡವುವುದು ಒಪ್ಪಿದ ಮೊತ್ತವನ್ನೂ ಬಂದ ಮೊತ್ತವನ್ನೂ ಒಂದೇ ಎಂದುಕೊಂಡಾಗ. ಒಪ್ಪಂದ ಹೇಳುವುದು ಮಾತನ್ನು ಮಾತ್ರ. ಹಣ ಬಂದದ್ದು ಜಮಾಖರ್ಚಿನ ಪುಸ್ತಕದಲ್ಲಿ ಕಾಣಬೇಕು. ಜಾನ್ಸನ್ ಕಂತು ಕಟ್ಟಲಾರದೆ ಅವಧಿ ಮುಂದೂಡಿಸಿಕೊಂಡ. “1838ರಲ್ಲಿ ಜೆಸ್ವಿಟರು 1,15,000 ಪಡೆದರು” ಎಂದರೆ ಸುಳ್ಳಾಗುತ್ತದೆ, “1,15,000ಕ್ಕೆ ಮಾರಿದರು” ಎಂದರೆ ನಿಜ. ಇಂದಿನ ಬೆಲೆಗೆ ಪರಿವರ್ತಿಸಿ ದೊಡ್ಡ ಅಂಕಿ ಬರೆಯುವ ಚಪಲವೂ ಬೇಡ. ಯಾವ ಸೂಚ್ಯಂಕ ಹಿಡಿದಿರಿ ಎಂಬುದರ ಮೇಲೆ ಉತ್ತರ ಹಲವು ಪಟ್ಟು ಬದಲಾಗುತ್ತದೆ, ಚರ್ಚೆ ಜನರನ್ನು ಬಿಟ್ಟು ಸೂಚ್ಯಂಕದ ಕಡೆ ಹೊರಳುತ್ತದೆ.

“ಆ ಕಾಲವೇ ಹಾಗಿತ್ತು”

ಹೆಸರಿನ ಪ್ರಶ್ನೆ ಎತ್ತಿದ ಕೂಡಲೇ ಬರುವ ಉತ್ತರ ಇದು: ಇಂದಿನ ಕಣ್ಣಿನಲ್ಲಿ ಅಂದಿನವರನ್ನು ಅಳೆಯಬಾರದು. ಇದಕ್ಕೆ ವಾದದಿಂದ ಉತ್ತರ ಕೊಡಲು ಹೋದರೆ ಸಂಜೆಯಾದೀತು. ಕಾಗದದಿಂದ ಕೊಟ್ಟರೆ ಐದು ನಿಮಿಷ. ಅಂದಿನವರೇ ಅಂದಿನ ಅಳತೆಯಲ್ಲಿ ಏನು ಹೇಳಿದ್ದರು ಎಂದು ನೋಡಿದರಾಯಿತು.

ರೋಮಿನಲ್ಲಿದ್ದ ಜೆಸ್ವಿಟರ ಮಹಾಮುಖ್ಯಸ್ಥ ಯಾನ್ ರೋಥಾನ್ 1836ರಲ್ಲಿ ಮಾರಾಟಕ್ಕೆ ಒಪ್ಪಿದ್ದು ಷರತ್ತುಗಳ ಮೇಲೆ. ಕುಟುಂಬಗಳನ್ನು ಒಡೆಯಬಾರದು. ಹೋದ ಕಡೆಯಲ್ಲಿ ಕಥೋಲಿಕ ಧರ್ಮಾಚರಣೆಗೆ ಅಡ್ಡಿಯಾಗಬಾರದು. ಬಂದ ಹಣವನ್ನು ಸಾಲ ತೀರಿಸುವುದಕ್ಕೆ ಬಳಸಬಾರದು, ಜೆಸ್ವಿಟರ ತರಬೇತಿಗಾಗಿ ಮೂಲಧನವಾಗಿ ಇಡಬೇಕು. ಈಗ ಮೇಲೆ 17,000 ಎಲ್ಲಿಗೆ ಹೋಯಿತೆಂದು ಹೇಳಿದ ವಾಕ್ಯವನ್ನು ಮತ್ತೊಮ್ಮೆ ಓದಿ. ಗಂಡ ಒಂದು ತೋಟದಲ್ಲಿ, ಹೆಂಡತಿ ಬೇರೆ ಮಾಲೀಕನ ತೋಟದಲ್ಲಿ ಇದ್ದ ಕುಟುಂಬಗಳೂ ಇದ್ದವು. ಮಾರಾಟದ ಸುದ್ದಿ ರೋಮಿಗೆ ಮುಟ್ಟಿದ ಮೇಲೆ ಮುಲೆಡಿಯನ್ನು ಪ್ರಾಂತ್ಯದ ಹುದ್ದೆಯಿಂದ ಇಳಿಸಿದರು. ಆತ ಕೆಲವು ವರ್ಷ ಇಂದಿನ ಫ್ರಾನ್ಸಿನ ನೀಸ್ ನಗರದಲ್ಲಿ ಇರಬೇಕಾಯಿತು. ಅಂದರೆ ಆತನ ಸ್ವಂತ ಸಂಘದ ಒಳಗೇ, ಅದೇ ದಶಕದಲ್ಲೇ, ಇದು ತಪ್ಪೆಂದು ಬರೆದ ಪತ್ರಗಳಿವೆ.

ಇಲ್ಲಿ ಒಂದು ಎಚ್ಚರ. ರೋಥಾನ್ ಮಾರಾಟವನ್ನು ವಿರೋಧಿಸಲಿಲ್ಲ, ಮಾರಿದ ರೀತಿಯನ್ನು ವಿರೋಧಿಸಿದ. ಆತನನ್ನು ಗುಲಾಮಗಿರಿಯ ವಿರೋಧಿಯಾಗಿ ಚಿತ್ರಿಸಿದರೆ ಅದೂ ಸುಳ್ಳೇ. ಶಿಕ್ಷೆ ಎಂದುಕೊಂಡದ್ದೂ ಶಾಶ್ವತವಲ್ಲ. ಮುಲೆಡಿ ಅಮೆರಿಕಕ್ಕೆ ಮರಳಿ 1843ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿ ಕ್ರಾಸ್ ಕಾಲೇಜಿನ ಮೊದಲ ಅಧ್ಯಕ್ಷನಾದ, 1845ರಿಂದ 1848ರವರೆಗೆ ಮತ್ತೆ ಜಾರ್ಜ್‌ಟೌನಿನ ಅಧ್ಯಕ್ಷ. ವ್ಯಕ್ತಿಯ ಪರವಾಗಿರುವ ಇಂಥ ಸಂಗತಿಯನ್ನು ವರದಿಯಲ್ಲಿ ಮುಚ್ಚಿಡುವ ತಂಡ ಎರಡನೆಯ ಸಭೆಯಲ್ಲೇ ಸಿಕ್ಕಿಬೀಳುತ್ತದೆ.

ಹೆಸರು ಇಟ್ಟವರ ಕಾಗದ

ವ್ಯಕ್ತಿಯ ಜೀವನ ಒಂದು ಕಡತ. ಅವನ ಹೆಸರನ್ನು ಇಟ್ಟ ಘಟನೆ ಇನ್ನೊಂದು. ಎರಡನ್ನೂ ಬೇರೆಬೇರೆ ತೆರೆಯಬೇಕು. ಹೆಚ್ಚಿನ ವಿದ್ಯಾರ್ಥಿ ತಂಡಗಳು ಎರಡನೆಯದನ್ನು ಮರೆಯುತ್ತವೆ. ಅದು ಎಷ್ಟು ಬಲವಾಗಿರಬಹುದು ಎಂಬುದಕ್ಕೆ ನಾರ್ತ್ ಕೆರೊಲಿನ ವಿಶ್ವವಿದ್ಯಾಲಯದ ಸಾಂಡರ್ಸ್ ಹಾಲ್ ಸಾಕ್ಷಿ. ವಿಲಿಯಂ ಸಾಂಡರ್ಸ್ ಆ ರಾಜ್ಯದ ಕಾರ್ಯದರ್ಶಿ, ವಸಾಹತು ಕಾಲದ ದಾಖಲೆಗಳ ಸಂಪುಟಗಳನ್ನು ಸಂಪಾದಿಸಿದವನು. ಕರಿಯರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘಟನೆ ಕೂ ಕ್ಲಕ್ಸ್ ಕ್ಲಾನ್‌ನ ನಾಯಕ ಎಂಬ ಮಾತೂ ಇತ್ತು. 1871ರಲ್ಲಿ ಕಾಂಗ್ರೆಸ್ಸಿನ ಸಮಿತಿ ಕೇಳಿದಾಗ ಆತ ಉತ್ತರಿಸಲು ನಿರಾಕರಿಸಿದ್ದ. ಕ್ಲಾನ್ ಸದಸ್ಯರ ದಾಖಲಾತಿ ಯಾರ ಬಳಿ ಇರುತ್ತದೆ? ಈ ಜಾಡಿನಲ್ಲೇ ಹೋಗಿದ್ದರೆ ವಾದ ಎಂದೂ ಮುಗಿಯುತ್ತಿರಲಿಲ್ಲ. ಆದರೆ 1920ರಲ್ಲಿ ಕಟ್ಟಡಕ್ಕೆ ಹೆಸರಿಟ್ಟ ಆಡಳಿತ ಮಂಡಳಿಯವರು ಆತನ ಅರ್ಹತೆಗಳನ್ನು ಪಟ್ಟಿ ಮಾಡುವಾಗ ಕ್ಲಾನ್ ನಾಯಕತ್ವವನ್ನೂ ಒಂದು ಹೆಗ್ಗಳಿಕೆಯಾಗಿ ಬರೆದಿದ್ದರು. 2015ರ ಮಂಡಳಿ ಹೆಸರು ತೆಗೆಯಲು ಕೊಟ್ಟ ಕಾರಣ ಇದೇ. ಆತ ಏನು ಮಾಡಿದ್ದ ಎಂಬುದಕ್ಕಿಂತ ಯಾವುದಕ್ಕಾಗಿ ಅವನನ್ನು ಗೌರವಿಸಿದರು ಎಂಬುದನ್ನು ಅಳೆಯುವುದು ಸುಲಭವಾಯಿತು.

ಹಾಗಾಗಿ ಆಡಳಿತ ಮಂಡಳಿಯ ನಡಾವಳಿ, ಕಟ್ಟಡ ಸಮಿತಿಯ ಟಿಪ್ಪಣಿ, ಉದ್ಘಾಟನೆಯ ಆಹ್ವಾನ ಪತ್ರಿಕೆ, ಆ ವಾರದ ವಿದ್ಯಾರ್ಥಿ ಪತ್ರಿಕೆ, ದಾನಿಯ ಹಣವಿದ್ದರೆ ದಾನಪತ್ರ, ಇವನ್ನು ಹುಡುಕಬೇಕು. ದಾನಪತ್ರ ಮುಖ್ಯ: ಹೆಸರು ಬದಲಿಸಿದರೆ ಹಣ ವಾಪಸು ಎಂಬ ಷರತ್ತು ಅದರಲ್ಲಿದ್ದರೆ ಚರ್ಚೆ ವಕೀಲರ ಕೋಣೆಗೆ ಹೋಗುತ್ತದೆ. ಮುಲೆಡಿ ಹಾಲ್‌ನಂಥ ಹಳೆಯ ಕಟ್ಟಡಗಳಲ್ಲಿ ದಾನದ ಗೊಡವೆ ಇರುವುದಿಲ್ಲ. ಹೆಸರು ರೂಢಿಯಿಂದ ಅಂಟಿಕೊಂಡಿರುತ್ತದೆ. ರೂಢಿಯ ಹೆಸರು ತೆಗೆಯುವುದು ಕಾನೂನಿನಲ್ಲಿ ಹಗುರ, ಕಾರಣ ತೋರಿಸುವುದು ತುಸು ಕಷ್ಟ. ಯಾವ ಕಾರಣಕ್ಕೆ ಇಟ್ಟರು ಎಂಬ ಕಾಗದವೇ ಇರುವುದಿಲ್ಲವಲ್ಲ.

ನವೆಂಬರ್ 2015

2015ರ ಸೆಪ್ಟೆಂಬರಿನಲ್ಲಿ ಜಾರ್ಜ್‌ಟೌನಿನ ಆಗಿನ ಅಧ್ಯಕ್ಷ ಜಾನ್ ಡಿಜೋಯ ಅಧ್ಯಾಪಕರು, ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಜೆಸ್ವಿಟರು ಇದ್ದ ಒಂದು ಕಾರ್ಯತಂಡ ರಚಿಸಿದರು. ನವೆಂಬರ್ ಮಧ್ಯದಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಮುಂದೆ ಧರಣಿ ಕೂತರು. ಕಾರ್ಯತಂಡವೂ ಹೆಸರು ತೆಗೆಯಲು ಶಿಫಾರಸು ಮಾಡಿತು. ಒಂದೆರಡು ದಿನದಲ್ಲಿ ಮುಲೆಡಿ, ಮ್ಯಾಕ್‌ಶೆರಿ ಎರಡೂ ಹೆಸರು ಇಳಿದವು. ತಾತ್ಕಾಲಿಕವಾಗಿ ಬಂದವು ಫ್ರೀಡಂ ಹಾಲ್, ರಿಮೆಂಬ್ರೆನ್ಸ್ ಹಾಲ್.

ಧರಣಿಯಿಂದ ಆಯಿತೋ ಕಾಗದದಿಂದ ಆಯಿತೋ ಎಂದು ಕೇಳುವವರಿದ್ದಾರೆ. ಧರಣಿ ಇಲ್ಲದಿದ್ದರೆ ನಿರ್ಧಾರ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಕಡತ ಸಿದ್ಧವಿಲ್ಲದಿದ್ದರೆ ಧರಣಿಗೆ ಸಿಗುತ್ತಿದ್ದದ್ದು ಇನ್ನೊಂದು ಸಮಿತಿ. ಹೆಸರು ತೆಗೆಯುವುದನ್ನೂ ಹೊಸ ಹೆಸರು ಇಡುವುದನ್ನೂ ಬೇರೆ ಮಾಡಿದ್ದು ಜಾಣತನ. ತಾತ್ಕಾಲಿಕ ಹೆಸರು ಒಂದೂವರೆ ವರ್ಷದ ಸಮಯ ಕೊಟ್ಟಿತು. ಆ ಸಮಯದಲ್ಲೇ ಪ್ರಕರಣ ಮಗ್ಗುಲು ಬದಲಿಸಿತು.

ಜ್ವರದಿಂದ ಸತ್ತರು ಎಂಬ ಮಾತು

ಧರಣಿಯ ಸುದ್ದಿ ಓದಿದ ಹಳೆಯ ವಿದ್ಯಾರ್ಥಿ ರಿಚರ್ಡ್ ಸೆಲಿನಿ ಮಾರಲ್ಪಟ್ಟವರಿಗೆ ಆಮೇಲೆ ಏನಾಯಿತು ಎಂದು ಕೇಳಿದರು. ಅವರಿಗೆ ಬಂದ ಉತ್ತರ: ಎಲ್ಲರೂ ಲೂಯಿಸಿಯಾನದ ಜೌಗಿನಲ್ಲಿ ಜ್ವರ ಬಂದು ಬೇಗನೆ ಸತ್ತರು. ಇನ್ನೂರಕ್ಕೂ ಹೆಚ್ಚು ಜನ, ಒಬ್ಬರೂ ಉಳಿಯದೆ? ಅವರು ಜಾರ್ಜ್‌ಟೌನ್ ಮೆಮೊರಿ ಪ್ರಾಜೆಕ್ಟ್ ಎಂಬ ಸಂಸ್ಥೆ ಕಟ್ಟಿ ವಂಶಾವಳಿ ತಜ್ಞರನ್ನು ಕೆಲಸಕ್ಕೆ ಹಚ್ಚಿದರು. ಇಂದು ಆ ಜನರ ವಂಶಸ್ಥರು ಸಾವಿರಗಳ ಲೆಕ್ಕದಲ್ಲಿ ಗುರುತಾಗಿದ್ದಾರೆ. ಲೂಯಿಸಿಯಾನದ ಮ್ಯಾರಿಂಗ್ವಿನ್ ಎಂಬ ಪುಟ್ಟ ಊರಿನಲ್ಲಂತೂ ಮನೆಮನೆಯಲ್ಲಿ ಎನ್ನುವಷ್ಟು.

ಮುಲೆಡಿಯ ಬಗ್ಗೆ ಓದಬೇಕಾದದ್ದನ್ನು ಚುರುಕಾದ ತಂಡ ಒಂದು ಸೆಮಿಸ್ಟರಿನಲ್ಲಿ ಮುಗಿಸಬಹುದು. ಅವನು ಸಹಿ ಹಾಕಿದ ಕಾಗದದ ಇನ್ನೊಂದು ತುದಿಯಲ್ಲಿ ಇದ್ದವರನ್ನು ಹುಡುಕುವುದು ಹಲವು ವರ್ಷದ ಕೆಲಸ. ಹೆಸರಿನ ಸಂಶೋಧನೆ ಹೆಸರಿನವನ ಗುಣದೋಷದಲ್ಲೇ ನಿಂತರೆ ಮತ್ತೂ ಅವನದೇ ಕಥೆಯಾಯಿತು. ಹಾಗಾಗಿ ಈ ಹುಡುಕಾಟದ ದಾರಿಯನ್ನು ವಿವರವಾಗಿ ನೋಡೋಣ.

ಒಂದನೆಯ ಕೊಂಡಿ ಕ್ರಯಪತ್ರ ಮತ್ತು ತೋಟಗಳ ಪಟ್ಟಿ. ಇವು ಮೇರಿಲ್ಯಾಂಡ್ ಪ್ರಾಂತ್ಯದ ಪತ್ರಸಂಗ್ರಹದಲ್ಲಿವೆ, ಸಂಗ್ರಹ ಇರುವುದು ಜಾರ್ಜ್‌ಟೌನಿನ ಗ್ರಂಥಾಲಯದಲ್ಲೇ. ಪಟ್ಟಿಯಲ್ಲಿ ಹೆಚ್ಚಿನವರಿಗೆ ಬರೀ ಮೊದಲ ಹೆಸರು. ಚಾರ್ಲ್ಸ್, ಹೆನ್ರಿ, ಮೇರಿ ಎಂಬ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಒಬ್ಬೊಬ್ಬರನ್ನೇ ಹೊಂದಿಸಲು ಹೋದರೆ ಗೋಜಲು. ಅಪ್ಪ 40, ಅವ್ವ 35, ಮಕ್ಕಳು 12, 9, 6, 2 ಎಂಬಂತೆ ಇಡೀ ಮನೆಯನ್ನು ಒಂದು ಗೊಂಚಲಾಗಿ ಹಿಡಿದು, ಮುಂದಿನ ಕಾಗದದಲ್ಲಿ ಅದೇ ಗೊಂಚಲು ಅದೇ ಕ್ರಮದಲ್ಲಿ ಬರುತ್ತದೆಯೇ ಎಂದು ನೋಡಬೇಕು.

ಎರಡನೆಯದು ಹಡಗಿನ ಪಟ್ಟಿ. ಗುಲಾಮರ ಆಮದನ್ನು ನಿಷೇಧಿಸಿದ 1807ರ ಅಮೆರಿಕದ ಕಾನೂನು ಕರಾವಳಿಯುದ್ದಕ್ಕೂ ಗುಲಾಮರನ್ನು ಸಾಗಿಸುವ 40 ಟನ್ ಮೇಲಿನ ಹಡಗುಗಳ ಕಪ್ತಾನರು ಎರಡು ಪ್ರತಿಯಲ್ಲಿ ಪಟ್ಟಿ ಕೊಡಬೇಕೆಂದು ವಿಧಿಸಿತ್ತು: ಹೆಸರು, ಲಿಂಗ, ವಯಸ್ಸು, ಎತ್ತರ, ಮೈಬಣ್ಣ, ಕಳಿಸುವವನ ಹೆಸರು ಮತ್ತು ಊರು. ಇವರು ಹೊರದೇಶದಿಂದ ಕದ್ದು ತಂದವರಲ್ಲ ಎಂದು ತೋರಿಸಲು ಮಾಡಿದ ನಿಯಮ. ಇಂದು ಅದೇ ವಂಶಸ್ಥರಿಗೆ ಬಂಗಾರದಂಥ ದಾಖಲೆ. 1838ರ ಕೊನೆಯಲ್ಲಿ ಅಲೆಕ್ಸಾಂಡ್ರಿಯದಿಂದ ನ್ಯೂ ಆರ್ಲಿಯನ್ಸ್‌ಗೆ ಹೋದ ಕ್ಯಾಥರೀನ್ ಜಾಕ್ಸನ್ ಎಂಬ ಹಡಗಿನ ಪಟ್ಟಿ ಹೀಗೆ ಉಳಿದಿದೆ. ಇದರಲ್ಲಿ ಮನೆಹೆಸರುಗಳೂ ಸಿಗುತ್ತವೆ: ಹಾಕಿನ್ಸ್, ಹಿಲ್, ಬಟ್ಲರ್, ಸ್ಕಾಟ್, ಕ್ಯಾಂಪ್‌ಬೆಲ್. ಎತ್ತರದ ಅಂಕಣವನ್ನು ಬೇಡವೆಂದು ಬಿಟ್ಟುಬಿಡುವವರುಂಟು. ಒಂದೇ ಹೆಸರಿನ, ಹತ್ತಿರದ ವಯಸ್ಸಿನ ಇಬ್ಬರನ್ನು ಬೇರ್ಪಡಿಸಲು ಕೆಲವೊಮ್ಮೆ ಅದೊಂದೇ ದಾರಿ.

ಮೂರನೆಯದು ಲೂಯಿಸಿಯಾನದ ನೋಂದಣಿ ಪುಸ್ತಕಗಳು. ಆ ರಾಜ್ಯದ ಸಿವಿಲ್ ಸಂಹಿತೆ ಗುಲಾಮರನ್ನು ಸ್ಥಿರಾಸ್ತಿಯ ಲೆಕ್ಕಕ್ಕೆ ಸೇರಿಸಿತ್ತು. ಹೊಲ ಮಾರಿದಂತೆ ನೋಟರಿಯ ಮುಂದೆ ಪತ್ರವಾಗಬೇಕು. ಮಾಲೀಕ ಸತ್ತರೆ ಆಸ್ತಿಯ ಪಟ್ಟಿ, ಅಡಮಾನಕ್ಕೆ ಪಟ್ಟಿ, ಮರುಮಾರಾಟಕ್ಕೆ ಪಟ್ಟಿ. ಬೇಟಿ ಸತ್ತ ಮೇಲೆ ಅವನ ತೋಟ ಜನರ ಸಮೇತ ಮರುಮಾರಾಟವಾಯಿತು. ಪ್ರತಿ ಸಲವೂ ಹೆಸರು, ವಯಸ್ಸು, ಬೆಲೆ ಬರೆದರು. ಹುಡುಕುವಾಗ ಗುಲಾಮನ ಹೆಸರಿನಿಂದ ಸೂಚಿ ನೋಡಿದರೆ ಏನೂ ಸಿಗುವುದಿಲ್ಲ. ಸೂಚಿ ಇರುವುದು ಕೊಂಡವನ, ಮಾರಿದವನ ಹೆಸರಿನಲ್ಲಿ. ಮೊದಲು ಮಾಲೀಕರ ಸರಪಣಿ ಬಿಡಿಸಿ, ಆಮೇಲೆ ಪತ್ರದೊಳಗೆ ಇಳಿಯಬೇಕು.

ಇಲ್ಲಿಂದ ಮುಂದೆ ಒಂದು ಕಂದಕ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಯಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ಗುಲಾಮಗಿರಿಯಲ್ಲಿದ್ದವರೆಲ್ಲ ಹೆಸರಿನ ಸಮೇತ ಕಾಣುವುದು 1870ರ ಗಣತಿಯಲ್ಲಿ. ಈ ಪ್ರಕರಣದಲ್ಲಿ ಅದನ್ನು ಸೋಸಲು ಒಂದು ಒಳ್ಳೆಯ ಜರಡಿ ಸಿಕ್ಕಿತು: ಹುಟ್ಟಿದ ರಾಜ್ಯದ ಅಂಕಣ. ಲೂಯಿಸಿಯಾನದ ಐಬರ್ವಿಲ್ ಜಿಲ್ಲೆಯಲ್ಲಿ, ಹುಟ್ಟಿದ್ದು ಮೇರಿಲ್ಯಾಂಡ್ ಎಂದು ಬರೆಸಿದ, 31 ವರ್ಷ ಮೇಲ್ಪಟ್ಟ, ಪಟ್ಟಿಯ ಮನೆಹೆಸರುಳ್ಳ ಕರಿಯರು ಎಷ್ಟು ಜನ ಇದ್ದಾರು? ವಯಸ್ಸನ್ನು ಮಾತ್ರ ಬಿಗಿಯಾಗಿ ಹಿಡಿಯಬಾರದು. ಹಡಗಿನಲ್ಲಿ 13 ಎಂದಿದ್ದ ಹುಡುಗ 1870ರಲ್ಲಿ 45 ಆಗಬೇಕು, ಗಣತಿಯವನು 50 ಎಂದು ಬರೆದಿರಬಹುದು. ಐದು ವರ್ಷದ ಸಡಿಲ ಇರಲಿ. ಜೊತೆಗೆ 1870ರ ಗಣತಿ ಮನೆಯೊಳಗಿನ ಸಂಬಂಧ ಹೇಳುವುದಿಲ್ಲ. ಒಂದೇ ಮನೆಯಲ್ಲಿದ್ದ ಹೆಂಗಸನ್ನು ಹೆಂಡತಿ ಎಂದು ಬರೆದುಕೊಂಡು, 1880ರ ಗಣತಿ ನೋಡಿದ ಮೇಲೆ ಅವಳು ತಂಗಿ ಎಂದು ತಿಳಿದು ಮರವನ್ನೇ ಕಿತ್ತು ನೆಡಬೇಕಾಗುತ್ತದೆ. ಸಂಬಂಧದ ಅಂಕಣ ಬಂದದ್ದು 1880ರಲ್ಲಿ.

ಕಂದಕದ ಮೇಲೆ ಸೇತುವೆಯಾದದ್ದು ಚರ್ಚಿನ ಪುಸ್ತಕಗಳು. ಮಾರಿದವರೂ ಕಥೋಲಿಕರು, ಮಾರಲ್ಪಟ್ಟವರೂ ಕಥೋಲಿಕರು. ಮೇರಿಲ್ಯಾಂಡಿನಲ್ಲಿ ಜೆಸ್ವಿಟರು ಬರೆದ ದೀಕ್ಷಾಸ್ನಾನದ ನೋಂದಣಿ ಒಂದು ಕಡೆ, ಲೂಯಿಸಿಯಾನದ ಚರ್ಚಿನ ಮದುವೆ, ಮಣ್ಣು ಕೊಟ್ಟ ನೋಂದಣಿ ಇನ್ನೊಂದು ಕಡೆ. ಮೇಲೆ ಹೇಳಿದ 13ರ ಹುಡುಗ ಕಾಲ್ಪನಿಕನಲ್ಲ, ಕಾರ್ನೀಲಿಯಸ್ ಹಾಕಿನ್ಸ್. ಅವನ ಜಾಡು ಬೇಗ ಸಿಕ್ಕಿದ್ದು ಬಿಡುಗಡೆಯ ನಂತರ ಚರ್ಚಿನಲ್ಲಿ ಮದುವೆಯಾದದ್ದರಿಂದ. ಸಮಾಧಿ ಮ್ಯಾರಿಂಗ್ವಿನ್‌ನ ಕಥೋಲಿಕ ಸ್ಮಶಾನದಲ್ಲೇ ಇದೆ. ಲೂಯಿಸಿಯಾನದ ಪಾದ್ರಿಗಳಲ್ಲಿ ಫ್ರೆಂಚ್ ಕಿವಿಯವರು ಹೆಚ್ಚು, ಇಂಗ್ಲಿಷ್ ಮನೆಹೆಸರು ಅವರ ಕೈಯಲ್ಲಿ ಗುರುತು ಸಿಗದಂತೆ ಬದಲಾಗಿರಬಹುದು. ಆದ್ದರಿಂದ ಹೆಸರನ್ನು ಗಟ್ಟಿಯಾಗಿ ಓದಿ ನೋಡಬೇಕು, ಕಣ್ಣಿಗಿಂತ ಕಿವಿ ಮೇಲು.

ಕೊನೆಯ ಮೂರು ತಲೆಮಾರು ಇನ್ನೊಂದು ಬಗೆಯ ಕಷ್ಟ. ಅಮೆರಿಕದ ಜನಗಣತಿಯ ಹಾಳೆಗಳು 72 ವರ್ಷ ಮುಚ್ಚಿರುತ್ತವೆ. ಆ ಮುಚ್ಚಿದ ಅವಧಿಗೆ ಉಳಿಯುವುದು ಮರಣವಾರ್ತೆ, ಶಾಲೆಯ ದಾಖಲೆ, ಮನೆಯವರ ನೆನಪು. ಜೀವಂತ ಇರುವವರ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಪ್ರಕಟಿಸಬಾರದು. ಫೋನ್ ಮಾಡಿ “ನಿಮ್ಮ ಮುತ್ತಜ್ಜನನ್ನು ನಾವು ಮಾರಿದ್ದೆವು” ಎಂದು ಹೇಳುವುದು ವಿದ್ಯಾರ್ಥಿ ತಂಡದ ಕೆಲಸವೂ ಅಲ್ಲ.

ಇಷ್ಟೆಲ್ಲ ಬರೆದಿಡುವುದು ಹೇಗೆ? ಒಂದು ಕೋಷ್ಟಕ ಸಾಕು. ಒಂದು ಸಾಲು ಒಬ್ಬ ವ್ಯಕ್ತಿಗೆ ಅಲ್ಲ, ಒಂದು ಕಾಗದದಲ್ಲಿ ಒಬ್ಬರ ಒಂದು ಉಲ್ಲೇಖಕ್ಕೆ. ಕಾಗದದಲ್ಲಿ ಇದ್ದಂತೆಯೇ ಹೆಸರು, ಪಕ್ಕದಲ್ಲಿ ನಾವು ಸರಿಪಡಿಸಿದ ಹೆಸರು, ಬರೆದ ವಯಸ್ಸು, ಅದರಿಂದ ಕಳೆದು ಬಂದ ಹುಟ್ಟಿದ ವರ್ಷ, ಮನೆಯ ಯಜಮಾನ, ಪೆಟ್ಟಿಗೆ ಮತ್ತು ಕಡತದ ಸಂಖ್ಯೆ, ಓದಿದವರು, ತಾಳೆ ನೋಡಿದವರು. ಕೈಬರಹವನ್ನು ಇಬ್ಬರು ಬೇರೆಬೇರೆ ಓದಿ ಆಮೇಲೆ ಹೋಲಿಸಬೇಕು. ಒಬ್ಬ ಓದಿದ್ದನ್ನು ನೋಡಿಕೊಂಡೇ ಇನ್ನೊಬ್ಬ ಓದಿದರೆ ಮೊದಲ ತಪ್ಪು ಎರಡನೆಯವನ ಕಣ್ಣಿಗೂ ಸರಿಯಾಗಿಯೇ ಕಾಣುತ್ತದೆ. ಇವನು ಅವನೇ ಎಂದು ತೀರ್ಮಾನಿಸಿ ಎರಡು ಉಲ್ಲೇಖಗಳನ್ನು ಜೋಡಿಸುವ ಕೆಲಸ ಮಾತ್ರ ಕೊನೆಗೆ ಇರಲಿ, ಬೇರೆ ಹಾಳೆಯಲ್ಲಿ ಇರಲಿ. ಬಿಚ್ಚಲು ಬರುವಂತೆ ಕಟ್ಟಿದ ಗಂಟು ಅದು.

272 ಎಂಬ ಅಂಕಿ

ಅಂಕಿ ಬಾಯಿಗೆ ಸಲೀಸಾಗಿದೆ, ಸಂಸ್ಥೆಗಳ ಹೆಸರಿಗೂ ಸೇರಿದೆ. ಆದರೆ 272 ಒಪ್ಪಂದದ ಕಾಗದದ ಅಂಕಿ. ಹಡಗು ಹತ್ತಿದವರ ಅಂಕಿ ಅಲ್ಲ. ಕೆಲವರು ಓಡಿಹೋದರು. ಕೆಲವರನ್ನು ಸಂಗಾತಿ ಬೇರೆ ತೋಟದಲ್ಲಿದ್ದ ಕಾರಣಕ್ಕೋ ಮುಪ್ಪಿಗೋ ಬಿಟ್ಟರು. ಬಿಟ್ಟವರ ಬದಲಿಗೆ ಪಟ್ಟಿಯಲ್ಲಿಲ್ಲದವರನ್ನು ಕಳಿಸಿದರು. ಕಾಗದದ ಪಟ್ಟಿ, ತೋಟದ ಗಣತಿ, ಹಡಗಿನ ಪಟ್ಟಿ ಒಂದಕ್ಕೊಂದು ತಾಳೆಯಾಗುವುದಿಲ್ಲ. ತಾಳೆಯಾಗದ ಸಾಲುಗಳನ್ನು ತಪ್ಪೆಂದು ಅಳಿಸಿದರೆ ಓಡಿಹೋದವರೂ ಅಳಿಸಿಹೋಗುತ್ತಾರೆ. ವರದಿಯಲ್ಲಿ “272 ಜನರ ಮಾರಾಟಕ್ಕೆ ಒಪ್ಪಂದವಾಯಿತು” ಎಂದು ಬರೆಯಬೇಕು, “272 ಜನ ಲೂಯಿಸಿಯಾನಕ್ಕೆ ಹೋದರು” ಎಂದಲ್ಲ.

ಹೊಸ ಹೆಸರುಗಳು

2016ರ ಸೆಪ್ಟೆಂಬರಿನಲ್ಲಿ ಕಾರ್ಯತಂಡದ ವರದಿ ಬಂತು. 2017ರ ಏಪ್ರಿಲ್ 18ರಂದು ಮುಲೆಡಿ ಹಾಲ್ ಐಸಾಕ್ ಹಾಕಿನ್ಸ್ ಹಾಲ್ ಆಯಿತು: ಕ್ರಯಪತ್ರದ ಮೊದಲ ಸಾಲಿನ ಆ 65ರ ಐಸಾಕ್. ಮನೆಹೆಸರು ಕ್ರಯಪತ್ರದಲ್ಲಿಲ್ಲ, ಬೇರೆ ದಾಖಲೆಗಳನ್ನು ಹೋಲಿಸಿ ಕೂಡಿಸಿದ್ದು. ಮ್ಯಾಕ್‌ಶೆರಿ ಹಾಲ್ ಆನ್ ಮೇರಿ ಬೆಕ್ರಾಫ್ಟ್ ಹಾಲ್ ಆಯಿತು. ಬೆಕ್ರಾಫ್ಟ್ ಮಾರಾಟಕ್ಕೆ ಸಂಬಂಧಿಸಿದವಳಲ್ಲ. ಅದೇ ಜಾರ್ಜ್‌ಟೌನ್ ಬಡಾವಣೆಯಲ್ಲಿ ಕರಿಯ ಹುಡುಗಿಯರಿಗಾಗಿ 1820ರ ದಶಕದಲ್ಲಿ ಶಾಲೆ ನಡೆಸಿದ ಸ್ವತಂತ್ರ ಹೆಣ್ಣುಮಗಳು, ಆಮೇಲೆ ಬಾಲ್ಟಿಮೋರಿನಲ್ಲಿ ಸನ್ಯಾಸಿನಿಯಾದಳು. ಒಂದು ಕಟ್ಟಡಕ್ಕೆ ಮಾರಲ್ಪಟ್ಟವನ ಹೆಸರು, ಇನ್ನೊಂದಕ್ಕೆ ಕಲಿಸಿದವಳ ಹೆಸರು. ಈ ಆಯ್ಕೆ ಚೆನ್ನಾಗಿದೆ. ಕರಿಯರೆಂದರೆ ನೋವಿನ ಪಟ್ಟಿ ಮಾತ್ರ ಎಂಬ ಭಾವನೆಗೆ ಅದು ಜಾಗ ಕೊಡುವುದಿಲ್ಲ.

ವಿದ್ಯಾರ್ಥಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. 2019ರ ಏಪ್ರಿಲಿನಲ್ಲಿ ತಮ್ಮ ಮೇಲೇ ಸೆಮಿಸ್ಟರಿಗೆ 27.20 ಡಾಲರ್ ಶುಲ್ಕ ಹಾಕಿ ವಂಶಸ್ಥರ ಊರುಗಳಿಗೆ ಕೊಡಬೇಕೆಂದು ಮತದಾನ ನಡೆಸಿದರು. 2,541 ಪರ, 1,304 ವಿರೋಧ. ಮತದಾನಕ್ಕೆ ಆಡಳಿತವನ್ನು ಕಟ್ಟಿಹಾಕುವ ಶಕ್ತಿ ಇರಲಿಲ್ಲ. ಶುಲ್ಕ ಜಾರಿಯಾಗಲಿಲ್ಲ. ಬದಲಿಗೆ ವರ್ಷಕ್ಕೆ ಸುಮಾರು 4,00,000 ಡಾಲರ್ ದೇಣಿಗೆ ಸಂಗ್ರಹಿಸುತ್ತೇವೆ ಎಂದು ವಿಶ್ವವಿದ್ಯಾಲಯ ಹೇಳಿತು.

ಮುಲೆಡಿಯ ಹೆಸರಿನ ಇನ್ನೊಂದು ವಿದ್ಯಾರ್ಥಿನಿಲಯ ಹೋಲಿ ಕ್ರಾಸ್ ಕಾಲೇಜಿನಲ್ಲಿತ್ತು. ಮನುಷ್ಯ ಒಬ್ಬನೇ, ಮೇಜಿನ ಮೇಲಿನ ಕಾಗದಗಳೂ ಅವೇ. 2016ರಲ್ಲಿ ಆ ಕಾಲೇಜು ಹೆಸರನ್ನು ತೆಗೆಯಲಿಲ್ಲ, ಮುಂದೆ ಇನ್ನೊಂದನ್ನು ಸೇರಿಸಿ ಬ್ರೂಕ್ಸ್-ಮುಲೆಡಿ ಹಾಲ್ ಮಾಡಿತು. ಜಾನ್ ಬ್ರೂಕ್ಸ್ 1960ರ ದಶಕದ ಕೊನೆಯಲ್ಲಿ ಕರಿಯ ವಿದ್ಯಾರ್ಥಿಗಳನ್ನು ಹುಡುಕಿ ಕರೆತಂದ, ಮುಂದೆ ಅಧ್ಯಕ್ಷರಾದ ಪಾದ್ರಿ. ಸ್ಥಾಪಕ ಅಧ್ಯಕ್ಷನ ಹೆಸರನ್ನು ಪೂರ್ತಿ ಒರೆಸಬಾರದು ಎಂಬ ವಾದ ಆಗ ಗೆದ್ದಿತ್ತು. 2020ರಲ್ಲಿ ಅಡ್ಡಗೆರೆಯೂ ಅದರಾಚೆಯ ಹೆಸರೂ ಹೋಗಿ ಬ್ರೂಕ್ಸ್ ಹಾಲ್ ಉಳಿಯಿತು. ಆ ನಾಲ್ಕು ವರ್ಷದಲ್ಲಿ ಮುಲೆಡಿಯ ಬಗ್ಗೆ ಹೊಸದಾಗಿ ತಿಳಿದದ್ದು ಬಹಳವೇನಿಲ್ಲ. ಐಸಾಕನ ಮೊಮ್ಮಕ್ಕಳ ಮೊಮ್ಮಕ್ಕಳ ಬಗ್ಗೆ ಬೇಕಾದಷ್ಟು ತಿಳಿದಿತ್ತು.